ಗ್ರಾಮಯೋಜನೆಯೆಂಬ ಗ್ರಂಥ

ಕನ್ನಡ ಗದ್ಯದ ಪ್ರಭೇದಗಳನ್ನು ಎಣಿಸುವ ವಿದ್ವಾಂಸರು ಕಥೆ, ಕಾದಂಬರಿ, ಪ್ರಬಂಧ, ಜೀವನಚರಿತ್ರೆ, ಪ್ರವಾಸಕಥನ ಇವುಗಳನ್ನು ಹೇಳಿ ಅಲ್ಲಿಗೆ ನಿಲ್ಲುವುದು ವಾಡಿಕೆ. ಆದರೆ ಕರ್ನಾಟಕದ ಸುಮಾರು 6,000 ಗ್ರಾಮ ಪಂಚಾಯತಿಗಳಲ್ಲಿ ಪ್ರತಿವರ್ಷವೂ ಹೊಸದಾಗಿ ರಚಿತವಾಗುತ್ತಿರುವ ಒಂದು ಗದ್ಯಗ್ರಂಥವು ಯಾರ ಗಣನೆಗೂ ಬಂದಿಲ್ಲ. ಅದು ಗ್ರಾಮದ ಅಭಿವೃದ್ಧಿ ಯೋಜನೆ. ಅದಕ್ಕೆ ಹೆಸರುಳ್ಳ ಕರ್ತೃವಿಲ್ಲ, ಪ್ರಕಾಶಕನಿಲ್ಲ, ಕೊಂಡು ಓದುವವನೂ ಇಲ್ಲ. ಆದರೂ ಒಂದು ಊರು ತನ್ನ ಮುಂದಿನ ದಿನಗಳನ್ನು ಕುರಿತು ತಾನೇ ಆಡಿದ ಮಾತಿದು ಎಂಬ ಪ್ರತಿಜ್ಞೆಯೊಡನೆ ಅದು ಹುಟ್ಟುತ್ತದೆ. ಇಷ್ಟು ದೊಡ್ಡ ಪ್ರತಿಜ್ಞೆಯುಳ್ಳ ಬರಹವನ್ನು ಲೆಕ್ಕದ ಗುಮಾಸ್ತನ ಪಾಲಿಗೆ ಬಿಟ್ಟು ವಿಮರ್ಶಕನು ಸುಮ್ಮನಿರುವುದು ನ್ಯಾಯವಲ್ಲ.

ಗ್ರಂಥದ ಹುಟ್ಟನ್ನು ಸಂಕ್ಷೇಪವಾಗಿ ಹೇಳಬಹುದು. ರಾಜ್ಯಾಂಗ ರಚನಾ ಸಭೆಯಲ್ಲಿ 1948ನೆಯ ನವೆಂಬರ್ 4ರಂದು ಡಾಕ್ಟರ್ ಅಂಬೇಡ್ಕರರು ಹಳ್ಳಿಯನ್ನು ಕುರಿತ ಹೊಗಳಿಕೆಯನ್ನು ನಿಷ್ಠುರವಾಗಿ ಖಂಡಿಸಿದರು. ಸಂಕುಚಿತ ಬುದ್ಧಿಗೂ ಜಾತಿಕಲಹಕ್ಕೂ ನೆಲೆಯಾದ ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ರಾಜ್ಯಾಂಗದ ಘಟಕವಾಗಿ ಗ್ರಹಿಸಿದುದು ತಮಗೆ ಸಂತೋಷವೆಂದರು. ಅದೇ ತಿಂಗಳ 22ರಂದು ಕೆ. ಸಂತಾನಂ ಅವರ ತಿದ್ದುಪಡಿಯಿಂದ ಪಂಚಾಯತಿಗಳನ್ನು ಕುರಿತ 40ನೆಯ ಅನುಚ್ಛೇದವು ಒಳಸೇರಿತು. ಹೀಗೆ ಖಂಡನೆಯೂ ಮಂಡನೆಯೂ ಒಂದೇ ತಿಂಗಳಿನ ಮಕ್ಕಳು. ಮುಂದೆ ಕರ್ನಾಟಕದಲ್ಲಿ ಅಬ್ದುಲ್ ನಜೀರ್ ಸಾಬರ ದುಡಿಮೆಯ ಫಲವಾದ 1983ರ ಕಾಯಿದೆಯೂ, 1987ರ ಚುನಾವಣೆಯೂ, 1993ನೆಯ ಏಪ್ರಿಲ್ 24ರಿಂದ ಜಾರಿಗೆ ಬಂದ 73ನೆಯ ರಾಜ್ಯಾಂಗ ತಿದ್ದುಪಡಿಯೂ ಬಂದವು. ಹದಿನಾಲ್ಕನೆಯ ಹಣಕಾಸು ಆಯೋಗದ ಹಣವು ನೇರವಾಗಿ ಪಂಚಾಯತಿಗಳಿಗೆ ಸಲ್ಲತೊಡಗಿದ 2015ರಿಂದ ಈಚೆಗೆ ಯೋಜನೆಯ ಬರವಣಿಗೆಯು ಪ್ರತಿ ಪಂಚಾಯತಿಗೂ ಕಡ್ಡಾಯವಾಯಿತು. ಜನವಸತಿ ಸಭೆ, ವಾರ್ಡ್ ಸಭೆ, ಗ್ರಾಮಸಭೆ ಎಂಬ ಮೂರು ಮೆಟ್ಟಿಲುಗಳನ್ನೇರಿ ಬಂದ ಬೇಡಿಕೆಗಳು ಕಡೆಗೆ ಪಂಚಾಯತಿಯ ಕಚೇರಿಯಲ್ಲಿ ಗ್ರಂಥರೂಪವನ್ನು ಪಡೆಯುತ್ತವೆ.

ಈ ಕಡೆಯ ಮೆಟ್ಟಿಲಿನಲ್ಲಿಯೇ ಸಾಹಿತ್ಯದ ಪ್ರಶ್ನೆಯು ಏಳುತ್ತದೆ. ವಸತಿಸಭೆಯಲ್ಲಿ ಒಬ್ಬ ಹೆಂಗಸು ಎದ್ದು ನಿಂತು, “ಕೆರೆಯ ಕೋಡಿ ಕಿತ್ತುಹೋಗಿ ಮೂರು ಮಳೆಗಾಲ ಕಳೆಯಿತು; ನೀರು ನಿಲ್ಲದೆ ನಮ್ಮ ತಗ್ಗಿನ ಗದ್ದೆ ಬೀಳುಬಿದ್ದಿದೆ; ತೂಬಿನ ಬಾಯಿಗೆ ಮಣ್ಣು ತುಂಬಿದವರು ಯಾರೆಂದು ಎಲ್ಲರಿಗೂ ಗೊತ್ತು” ಎಂದಳೆಂದು ಇಟ್ಟುಕೊಳ್ಳಬಹುದು. ಈ ಮಾತಿನಲ್ಲಿ ಕಾಲವಿದೆ, ಸ್ಥಳವಿದೆ, ಕರ್ತೃವಿದ್ದಾನೆ, ನಷ್ಟವಿದೆ, ಮುಚ್ಚಿಟ್ಟ ಸಿಟ್ಟಿನ ಧ್ವನಿಯೂ ಇದೆ. ಅದೇ ಮಾತು ಯೋಜನೆಯ ಪುಟಕ್ಕೆ ಬರುವಾಗ “ಕೆರೆ ಅಭಿವೃದ್ಧಿ ಕಾಮಗಾರಿ ಕೈಗೊಳ್ಳಲಾಗುವುದು” ಎಂದಾಗುತ್ತದೆ. ಕೈಗೊಳ್ಳುವವನು ಯಾರು? ಕರ್ಮಣಿ ಪ್ರಯೋಗವು ಆತನನ್ನು ಜಾಣತನದಿಂದ ಬಚ್ಚಿಟ್ಟಿತು. ಕನ್ನಡದ ಆಡುಮಾತಿನಲ್ಲಿ ಕರ್ಮಣಿಗೆ ಎಂದೂ ಹೆಚ್ಚು ಸಲಿಗೆಯಿರಲಿಲ್ಲ; ಅಡುಗೆಮನೆಯಲ್ಲಿ ಯಾರೂ “ಅನ್ನವು ಬಡಿಸಲ್ಪಡುವುದು” ಎನ್ನುವುದಿಲ್ಲ. ಕಚೇರಿಯು ಅದನ್ನು ಸಾಕಿ ಬೆಳೆಸಿತು. ಹಳ್ಳಿಯು ತನ್ನದೆಂದು ಹೇಳಿಕೊಳ್ಳುವ ಗ್ರಂಥದಲ್ಲಿಯೂ ಅದೇ ಮೆರೆಯುತ್ತಿದೆ.

ಇದಕ್ಕೆ ಪ್ರತಿಯಾಗಿ ಬಹು ಹಳೆಯದೊಂದು ಬರಹವನ್ನು ನೋಡತಕ್ಕದ್ದು. ಲಕ್ಷ್ಮೇಶ್ವರದಲ್ಲಿ ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನ, ಎಂಟನೆಯ ಶತಮಾನದ, ಒಂದು ಕನ್ನಡ ಶಾಸನವಿದೆ. ಪೊರಿಗೆರೆಯ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಕೊಟ್ಟ ಆಚಾರವ್ಯವಸ್ಥೆಯದು. ಅರಸನ ಅಧಿಕಾರಿಗಳು ಊರವರಿಗೆ ಏನನ್ನು ನಡೆಸಿಕೊಡಬೇಕು, ಊರವರು ಅರಸನಿಗೆ ಏನನ್ನು ಸಲ್ಲಿಸಬೇಕು ಎಂಬುದನ್ನು ಎರಡು ಕಡೆಗೂ ಕಟ್ಟುಹಾಕಿ ಹೇಳಿರುವುದೇ ಅದರ ಗುಣ. ಅದು ಪ್ರಜೆಗಳು ಕೂಡಿ ಬರೆದ ಯೋಜನೆಯಲ್ಲ, ಅರಮನೆಯಿಂದ ಇಳಿದು ಬಂದ ವ್ಯವಸ್ಥೆ, ಅಷ್ಟನ್ನು ಒಪ್ಪಬೇಕು. ಆದರೆ ಯಾರು ಯಾರಿಗೆ ಋಣಿ ಎಂಬುದು ಅಲ್ಲಿ ಮಬ್ಬಾಗಿಲ್ಲ. ಸಾವಿರದ ಮುನ್ನೂರು ವರ್ಷಗಳ ಹಿಂದಿನ ಕಲ್ಲಿನ ಮಾತಿಗಿರುವ ಈ ನಿರ್ದಿಷ್ಟತೆಯು ಇಂದಿನ ಕಾಗದಕ್ಕೆ ಇಲ್ಲದಿರುವುದು ವಿಚಾರಾರ್ಹವು.

ಕಾರ್ಯಕ್ಕೆ ಪ್ರೇರಿಸುವ ವಾಕ್ಯಗಳನ್ನು ಪರೀಕ್ಷಿಸುವುದರಲ್ಲಿ ಮೀಮಾಂಸಕರಷ್ಟು ಪಳಗಿದವರು ಬೇರಾರೂ ಇಲ್ಲ. ಅವರ ಮತದಲ್ಲಿ ಕರ್ತವ್ಯವನ್ನು ಹೇಳುವ ವಾಕ್ಯವು ವಿಧಿ, ಬೇಡವೆನ್ನುವುದು ನಿಷೇಧ, ಹೊಗಳಿಯೋ ತೆಗಳಿಯೋ ಮನಸ್ಸನ್ನು ಒಲಿಸುವುದು ಅರ್ಥವಾದ. ವಿಧಿಯು ಪೂರ್ಣವಾಗಬೇಕಾದರೆ ಏನನ್ನು ಸಾಧಿಸುವುದು, ಯಾವುದರಿಂದ ಸಾಧಿಸುವುದು, ಯಾವ ಕ್ರಮದಲ್ಲಿ ಸಾಧಿಸುವುದು ಎಂಬ ಮೂರು ಆಕಾಂಕ್ಷೆಗಳು ತೀರಬೇಕು. ಈ ಒರೆಗಲ್ಲಿಗೆ ಸಾಮಾನ್ಯವಾದ ಗ್ರಾಮಯೋಜನೆಯನ್ನು ಹಚ್ಚಿದರೆ ಕಾಣುವುದೇನು? ಮುನ್ನುಡಿಯೆಲ್ಲ ಅರ್ಥವಾದ: ಸುಂದರ, ಸಮೃದ್ಧ, ಸ್ವಾವಲಂಬಿ ಗ್ರಾಮ. ಬಳಿಕ ಕಾಮಗಾರಿಗಳ ಪಟ್ಟಿ: ಸಿಮೆಂಟು ರಸ್ತೆ, ಚರಂಡಿ, ದೀಪ. “ಯಾವುದರಿಂದ” ಎಂಬುದಕ್ಕೆ ಮೊತ್ತದ ಅಂಕಣವೇನೋ ಇದೆ. “ಯಾವ ಕ್ರಮದಲ್ಲಿ” ಎಂಬಲ್ಲಿ ಗ್ರಂಥವು ಮೌನ. ರಸ್ತೆಯು ಮೊದಲೋ ಅದರ ಕೆಳಗೆ ಹೋಗಬೇಕಾದ ನೀರಿನ ಕೊಳವೆಯು ಮೊದಲೋ ಎಂಬುದನ್ನು ಹೇಳದ ಕಾರಣ, ಹಾಕಿದ ರಸ್ತೆಯನ್ನು ಮರುವರ್ಷ ಅಗೆಯುವ ದೃಶ್ಯವು ಯಾವ ವಾಚಕನಿಗೂ ಹೊಸದಲ್ಲ.

ನಿಷೇಧದ ಮಾತಂತೂ ಹುಡುಕಿದರೂ ಸಿಕ್ಕದು. ಊರು ತಾನು ಏನನ್ನು ಪಡೆಯುವೆನೆಂದು ಬರೆಯುತ್ತದೆ. ಏನನ್ನು ಬಿಡುವೆನೆಂದು ಬರೆಯುವುದಿಲ್ಲ. ಮಹಾರಾಷ್ಟ್ರದ ಅಹಮದನಗರ (ಇಂದಿನ ಅಹಿಲ್ಯಾನಗರ) ಜಿಲ್ಲೆಯ ಹಿವರೆ ಬಜಾರ್ ಎಂಬ ಹಳ್ಳಿಯ ಕೀರ್ತಿಗೆ ಕಾರಣವನ್ನು ಇಲ್ಲಿ ಹುಡುಕಬೇಕು. ಮಳೆ ವಿರಳವಾದ ಸೀಮೆಯದು. ದುಡಿಮೆಯನ್ನರಸಿ ಜನರು ಊರುಬಿಟ್ಟು ಹೋಗುತ್ತಿದ್ದರು. ಪೋಪಟರಾವ್ ಪವಾರರು 1990ರ ಹೊತ್ತಿಗೆ ಸರಪಂಚರಾದ ಮೇಲೆ ಗುಡ್ಡದ ಇಳಿಜಾರಿನಲ್ಲಿ ಸಮಪಾತಳಿಯ ಕಾಲುವೆಗಳನ್ನು ತೋಡಿದರು, ಒಡ್ಡುಗಳನ್ನು ಕಟ್ಟಿದರು, ಗಿಡ ನೆಟ್ಟರು. ಇಷ್ಟನ್ನು ಬೇರೆ ಊರುಗಳೂ ಮಾಡಿವೆ. ಹಿವರೆ ಬಜಾರಿನ ಗ್ರಾಮಸಭೆಯು ಇದರ ಮೇಲೆ ನಿಷೇಧಗಳನ್ನು ವಿಧಿಸಿಕೊಂಡಿತು: ಮರ ಕಡಿಯಕೂಡದು; ದನಕುರಿಗಳನ್ನು ಗುಡ್ಡಕ್ಕೆ ಬಿಟ್ಟು ಮೇಯಿಸಕೂಡದು; ಹೆಂಡ ಕೂಡದು; ಬೇಸಾಯಕ್ಕೆ ಕೊಳವೆ ಬಾವಿ ಕೊರೆಯಕೂಡದು; ಕಬ್ಬು ಬಾಳೆಗಳಂತಹ ನೀರು ಹೀರುವ ಬೆಳೆಗಳನ್ನು ಇಡಕೂಡದು. ಪ್ರತಿವರ್ಷ ಮಳೆಯನ್ನು ಅಳೆದು, ನೆಲದೊಳಗಿನ ನೀರನ್ನು ಲೆಕ್ಕಹಾಕಿ, ಕುಡಿಯುವುದಕ್ಕೂ ದನಗಳಿಗೂ ತೆಗೆದಿರಿಸಿ, ಉಳಿದುದಕ್ಕೆ ತಕ್ಕ ಬೆಳೆಯನ್ನು ಸಭೆಯಲ್ಲಿ ನಿಶ್ಚಯಿಸುವ ಪದ್ಧತಿಯೂ ಬಂದಿತು. ಮನೆಯ ಆಯವ್ಯಯವನ್ನು ತಿಳಿದ ಯಾವ ಗೃಹಿಣಿಗೂ ಇದರ ತರ್ಕವು ಅರ್ಥವಾಗುವುದು.

ಆದರೆ ಇಲ್ಲಿಯೂ ಒಂದು ಪ್ರಶ್ನೆಯನ್ನು ಕೇಳದೆ ಮುಂದುವರಿಯಲಾಗದು. ಗುಡ್ಡದ ಮೇವನ್ನು ನಿಷೇಧಿಸಿದಾಗ ಹೊಲವುಳ್ಳವನು ತನ್ನ ಬದುವಿನ ಹುಲ್ಲಿನಿಂದ ಕಾಲ ಕಳೆದಾನು. ನಾಲ್ಕು ಆಡುಗಳೇ ಆಸ್ತಿಯಾದ, ನೆಲವಿಲ್ಲದವನು ಏನು ಮಾಡಬೇಕು? ನಿಷೇಧವು ಎಲ್ಲರಿಗೂ ಒಂದೇ ಆದರೂ ಅದರ ಭಾರವು ಒಂದೇ ಅಲ್ಲ. ಆದುದರಿಂದ ಊರು ಬಿಡುವುದನ್ನು ಬರೆಯುವಾಗ ಯಾರಿಂದ ಬಿಡಿಸುತ್ತದೆಂಬುದನ್ನೂ ಬರೆಯಬೇಕು.

ನೆರೆಯ ಕೇರಳದ ಉದಾಹರಣೆಯು ಬೇರೊಂದು ಬಗೆಯದು. ಅಲ್ಲಿ 1996ನೆಯ ಆಗಸ್ಟ್ 17ರಂದು ಆರಂಭವಾದ ಜನಕೀಯ ಯೋಜನೆಯಲ್ಲಿ ರಾಜ್ಯದ ಯೋಜನಾ ಹಣದ ನೂರಕ್ಕೆ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟರು. ಹಣಕ್ಕಿಂತ ಸಾಹಿತ್ಯಾಸಕ್ತರ ಗಮನವನ್ನು ಸೆಳೆಯತಕ್ಕದ್ದು ಮತ್ತೊಂದಿದೆ. ಪ್ರತಿಯೊಂದು ಪಂಚಾಯತಿಯೂ ಕಾಮಗಾರಿಯ ಪಟ್ಟಿಗೆ ಮೊದಲು “ವಿಕಸನ ರೇಖೆ” ಎಂಬ ಪುಸ್ತಕವನ್ನು ಸಿದ್ಧಪಡಿಸಿತು. ಊರಿನ ಚರಿತ್ರೆ, ನೆಲ ಜಲಗಳ ಸ್ಥಿತಿ, ಕಸುಬುಗಳ ಏಳುಬೀಳು ಇವುಗಳನ್ನು ಅದರಲ್ಲಿ ಸೇರಿಸಿದರು. ನಿನ್ನೆಯನ್ನು ಬರೆಯದೆ ನಾಳೆಯನ್ನು ಬರೆಯಲಾಗದು ಎಂಬ ವಿವೇಕವು ಅದರಲ್ಲಿದೆ. ಕನ್ನಡದ ಜಿಲ್ಲೆಗಳಲ್ಲಿ ಇಂತಹ ಕಾರ್ಯಕ್ಕೆ ಬೇಕಾದ ವಿದ್ಯಾವಂತರಿಗೇನೂ ಕೊರತೆಯಿಲ್ಲ. ಪ್ರತಿ ಹೋಬಳಿಯಲ್ಲಿಯೂ ನಿವೃತ್ತ ಉಪಾಧ್ಯಾಯರು ಜಗುಲಿಯ ಮೇಲೆ ಪತ್ರಿಕೆ ಓದುತ್ತ ಕುಳಿತಿರುವರಷ್ಟೆ. ಅಕ್ಷರ ಬಾರದವರಿಗಾಗಿ ಮತ್ತೊಂದು ಉಪಾಯವೂ ಈ ನಾಡಿನಲ್ಲಿಯೇ ಪರೀಕ್ಷಿತವಾಗಿದೆ: 1989–90ರ ಸುಮಾರಿಗೆ ಬೆಂಗಳೂರಿನ ಮೈರಾಡಾ ಸಂಸ್ಥೆಯವರು ಹಳ್ಳಿಯವರಿಂದಲೇ ಬಯಲಿನಲ್ಲಿ ರಂಗೋಲಿಪುಡಿ, ಕಾಳು, ಕಡ್ಡಿಗಳಿಂದ ಊರಿನ ಚಿತ್ರವನ್ನು ಬರೆಯಿಸಿದರು. ಕಾಗದದ ನಕ್ಷೆಯನ್ನು ಮೇಜಿನ ಮುಂದೆ ಕುಳಿತವನು ಮಾತ್ರ ತಿದ್ದಬಲ್ಲನು; ನೆಲದ ಮೇಲಿನ ನಕ್ಷೆಯನ್ನು ಸುತ್ತ ನಿಂತವರೆಲ್ಲ ತಿದ್ದಬಹುದು.

ಇಷ್ಟಾದರೂ ಮೂಲಪ್ರಶ್ನೆಯು ಹಾಗೆಯೇ ಉಳಿಯುತ್ತದೆ. “ಊರು ಬಯಸುತ್ತದೆ” ಎಂಬ ವಾಕ್ಯದಲ್ಲಿ ಊರು ಎಂದರೆ ಯಾರು? ಈ ವಿಷಯದಲ್ಲಿ ಆಡಳಿತದ ಗ್ರಂಥಗಳಿಗಿಂತ ಕನ್ನಡದ ಕಥಾಸಾಹಿತ್ಯವು ಹೆಚ್ಚು ಪ್ರಾಮಾಣಿಕವಾಗಿದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ ಹಳ್ಳಿಯ ಚಿತ್ರಗಳನ್ನು ಓದಿದವರಿಗೆ ಊರು ಒಂದು ಕುಟುಂಬ. ಜಗಳವೂ ಅಲ್ಲಿ ಹಾಸ್ಯದಲ್ಲಿ ಕರಗುತ್ತದೆ. ಗಾಂಧಿಮಾರ್ಗದಲ್ಲಿ ನಡೆದ ಅವರ ಪ್ರೀತಿಯು ನಿಜವಾದುದು, ಅವರ ಗದ್ಯದ ಸವಿಯೂ ನಿಜವಾದುದು. ವಿಧಿಯ ವ್ಯಂಗ್ಯವನ್ನಾದರೂ ನೋಡಬೇಕು: ಅವರ ಗೊರೂರಿನ ಬಳಿಯಲ್ಲಿಯೇ ಹೇಮಾವತಿಗೆ ಅಣೆಕಟ್ಟು ಎದ್ದು 1979ರಲ್ಲಿ ಪೂರ್ಣವಾಯಿತು, ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದವು. ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯ ಗೋಡೆಗಳು ಮಳೆಗಾಲದಲ್ಲಿ ನೀರೊಳಗೂ ಬೇಸಗೆಯಲ್ಲಿ ಬಯಲಲ್ಲೂ ನಿಂತು ಈಗಲೂ ಅದನ್ನು ನೆನಪಿಸುತ್ತಿವೆ. ಕೆಳಗಿನ ಊರುಗಳ ಗದ್ದೆಗೆ ನೀರು ಬಂದುದೂ ಸತ್ಯವೇ. ಆದರೆ ಮುಳುಗಿದ ಊರುಗಳ ಭವಿಷ್ಯವನ್ನು ಬರೆದ ಲೇಖನಿಯು ಆ ಊರುಗಳ ಕೈಯಲ್ಲಿರಲಿಲ್ಲ. ಪಂಚಾಯತಿಯ ಯೋಜನೆಯಲ್ಲಿ ಅಷ್ಟು ದೊಡ್ಡ ವಿಷಯಕ್ಕೆ ಇಂದಿಗೂ ಎಡೆಯಿಲ್ಲ. ಚರಂಡಿಯನ್ನು ನಿಶ್ಚಯಿಸುವ ಸ್ವಾತಂತ್ರ್ಯವು ಊರಿಗೆ, ನದಿಯನ್ನು ನಿಶ್ಚಯಿಸುವುದು ಮೇಲಿನವರಿಗೆ.

ಗೊರೂರರ ಚಿತ್ರದಲ್ಲಿ ಮಸುಕಾದುದು ಶಿವರಾಮ ಕಾರಂತರ “ಚೋಮನ ದುಡಿ”ಯಲ್ಲಿ (1933) ಹಗಲಿನಂತೆ ನಿಚ್ಚಳವಾಗಿದೆ. ಅಸ್ಪೃಶ್ಯನೆನಿಸಿದ ಜೀತದಾಳು ಚೋಮನ ಬಯಕೆ ಒಂದೇ: ತುಂಡು ನೆಲವನ್ನು ಗೇಣಿಗೆ ಪಡೆದು ತಾನು ಸಾಕಿದ ಎತ್ತುಗಳಿಂದ ಉಳಬೇಕು. ಒಡೆಯ ಸಂಕಪ್ಪಯ್ಯನು ಕಟುಕನಲ್ಲ, ಕೊಡೋಣವೆಂದೂ ಅವನಿಗೆ ಎನಿಸುತ್ತದೆ. ತಾಯಿಯು ಸಂಪ್ರದಾಯವನ್ನು ಮುಂದೊಡ್ಡಿ ತಡೆಯುತ್ತಾಳೆ, ಮಗನು ಹಿಂಜರಿಯುತ್ತಾನೆ. ಕಾರಂತರ ಕಲೆಯ ಬಿಗಿಯು ಇಲ್ಲಿದೆ. ದುಷ್ಟನೊಬ್ಬನನ್ನು ನಿಲ್ಲಿಸಿದ್ದರೆ ಓದುಗನು ಅವನ ಮೇಲೆ ಕೋಪಗೊಂಡು ನಿಶ್ಚಿಂತನಾಗುತ್ತಿದ್ದನು. ಸಭ್ಯರ ಮನೆಯ ಜಗುಲಿಯಲ್ಲಿ ಮೆಲುದನಿಯಲ್ಲಿ ಆದ ತೀರ್ಮಾನವೇ ಒಂದು ಸಂಸಾರವನ್ನು ನುಂಗಿತು. ಆ ಊರಿನಲ್ಲಿ ಅಂದು ಗ್ರಾಮಸಭೆ ಕೂಡಿದ್ದರೆ, ಯೋಜನೆಯನ್ನು ಬರೆದಿದ್ದರೆ, ಬಹುಮತದಿಂದಲೇ ಬರೆದಿದ್ದರೆ, ಚೋಮನಿಗೆ ನೆಲ ಸಿಕ್ಕುತ್ತಿತ್ತೇ? ಕಾದಂಬರಿಯನ್ನು ಸಾವಧಾನವಾಗಿ ಓದಿದವರು ಹೌದೆನ್ನಲಾರರು.

ಅಂಬೇಡ್ಕರರ ಖಂಡನೆಯ ಬಲವು ಇದರಿಂದ ತಿಳಿಯುವುದು. ಉಳುವವನಿಗೆ ನೆಲ ಕೊಡಿಸಿದ 1974ರ ಭೂಸುಧಾರಣೆಯ ತಿದ್ದುಪಡಿಯಾಗಲಿ, ಜೀತವನ್ನು ತೊಡೆದ 1976ರ ಕಾಯಿದೆಯಾಗಲಿ ಯಾವ ಊರಿನ ಯೋಜನೆಯಿಂದಲೂ ಹುಟ್ಟಲಿಲ್ಲ. ಅವು ಊರಿನ ಹೊರಗಿನಿಂದ ಬಂದವು. ಅವುಗಳಲ್ಲಿ ಮೊದಲನೆಯದೂ ಮುಖ್ಯವಾಗಿ ಗೇಣಿದಾರನನ್ನು ಕುರಿತದ್ದು. ಗೇಣಿಯನ್ನೇ ಪಡೆಯಲಾರದ ಚೋಮನಂತಹವನು ಅದರ ಅಂಚಿನಲ್ಲಿ ನಿಂತನು. ಊರಿನ ಸ್ವಾತಂತ್ರ್ಯವನ್ನು ಹಾಡಿಹೊಗಳುವವರು ಈ ಇತಿಹಾಸವನ್ನು ನುಂಗಿಕೊಂಡು ಮಾತನಾಡುವುದು ಸಲ್ಲದು. ಮೀಮಾಂಸೆಯ ಉಪಕರಣವನ್ನು ಎರವು ತಂದ ವಿಮರ್ಶೆಯೂ ಇಲ್ಲಿ ತನ್ನ ಸಾಲವನ್ನು ಒಪ್ಪಿಕೊಳ್ಳತಕ್ಕದ್ದು. ಕರ್ಮಕ್ಕೆ ಯಾರು ಅಧಿಕಾರಿ ಎಂಬುದನ್ನು ವಿಚಾರಿಸುವ ಜೈಮಿನಿ ಸೂತ್ರಗಳ ಆರನೆಯ ಅಧ್ಯಾಯವು ಶೂದ್ರನಿಗೆ ವೈದಿಕ ಯಜ್ಞದ ಬಾಗಿಲನ್ನು ಮುಚ್ಚಿತು. ವಾಕ್ಯವನ್ನು ಬಿಡಿಸುವ ಅದರ ಜಾಣ್ಮೆಯನ್ನು ಸ್ವೀಕರಿಸಿ, ಆ ತೀರ್ಮಾನವನ್ನು ಅಲ್ಲಿಯೇ ಬಿಡುವುದು ಇಂದಿನ ವಿದ್ಯಾವಂತರ ಹೊಣೆ.

ಹಾಗೆಂದು ಗ್ರಾಮಸಭೆಯೇ ಬೇಡವೆಂಬ ವಾದವು ಇದರಿಂದ ಹುಟ್ಟುವುದಿಲ್ಲ. 1993ರ ಬಳಿಕ ಮೀಸಲಾತಿಯಿಂದ ಹೆಂಗಸರೂ ದಲಿತರೂ ಪಂಚಾಯತಿಯ ಕುರ್ಚಿಯಲ್ಲಿ ಕುಳಿತರು. ಕರ್ನಾಟಕದಲ್ಲಿ ಮಹಿಳೆಯರ ಗ್ರಾಮಸಭೆ, ಮಕ್ಕಳ ಗ್ರಾಮಸಭೆಗಳೂ ನಡೆಯುತ್ತಿವೆ. ಶಾಲೆಯ ದಾರಿಯ ಹಳ್ಳಕ್ಕೆ ಕಾಲುಸಂಕ ಬೇಕೆಂದು ಹೇಳಬಲ್ಲವರು ಅದನ್ನು ದಿನವೂ ದಾಟುವ ಮಕ್ಕಳೇ. ಹೊಸ ವಕ್ತೃಗಳು ಬಂದಿದ್ದಾರೆ. ಗ್ರಂಥದ ರೀತಿ ಮಾತ್ರ ಹಳೆಯದಾಗಿಯೇ ಉಳಿದಿದೆ.

ಈ ರೀತಿಯನ್ನು ತಿದ್ದುವುದಕ್ಕೆ ಶಾಸ್ತ್ರಗ್ರಂಥಗಳಲ್ಲಿ ಒಂದು ಮಾದರಿಯುಂಟು. ಸಿದ್ಧಾಂತವನ್ನು ಹೇಳುವ ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ಬರೆಯುವುದು ಅಲ್ಲಿಯ ನಿಯಮ. ಎದುರಾಳಿಯ ವಾದವನ್ನು ಅಳಿಸಿದ ಗ್ರಂಥಕ್ಕೆ ಪಂಡಿತರ ಸಭೆಯಲ್ಲಿ ಮರ್ಯಾದೆಯಿಲ್ಲ. ಗ್ರಾಮಯೋಜನೆಯಲ್ಲಿ ಅಂಗೀಕೃತ ಕಾಮಗಾರಿಗಳ ಪಟ್ಟಿಯಿದೆ. ತಿರಸ್ಕೃತ ಬೇಡಿಕೆಗಳ ಪಟ್ಟಿಯಿಲ್ಲ. ಯಾವ ಕೇರಿಯವರು ಏನನ್ನು ಕೇಳಿದರು, ಯಾರು ಬೇಡವೆಂದರು, ಯಾವ ಕಾರಣ ಹೇಳಿದರು ಎಂಬ ಎರಡು ಪುಟಗಳನ್ನು ಪ್ರತಿಯೊಂದು ಯೋಜನೆಗೂ ಸೇರಿಸಿ, ಮುಂದಿನ ವರ್ಷದ ಸಭೆಯಲ್ಲಿ ಆ ಪುಟಗಳನ್ನೇ ಮೊದಲು ಓದತಕ್ಕದ್ದು. ಸಂಕಪ್ಪಯ್ಯನ ತಾಯಿಯ ಮಾತನ್ನು ಕಾದಂಬರಿಕಾರರು ಬರೆದಿಟ್ಟರು. ಆದುದರಿಂದಲೇ ಚೋಮನಿಗೆ ನೆಲವು ಏಕೆ ಸಿಕ್ಕಲಿಲ್ಲವೆಂಬುದು ತೊಂಬತ್ತು ವರ್ಷಗಳ ಬಳಿಕವೂ ಓದುಗರಿಗೆ ಗೊತ್ತು. ಕಳೆದ ವರ್ಷದ ಗ್ರಾಮಸಭೆಯಲ್ಲಿ ಬಿದ್ದುಹೋದ ಬೇಡಿಕೆಯ ಕಾರಣವನ್ನು ಮಾತ್ರ ಪಂಚಾಯತಿಯ ಕಪಾಟಿನಲ್ಲಿ ಹುಡುಕಿದರೆ ಸಿಕ್ಕದು.