ಎಚ್ಚರದ ಧ್ಯಾನ ಮತ್ತು ನ್ಯಾಯದ ಬಾಕಿ

1994ರ ಏಪ್ರಿಲ್‌ನಲ್ಲಿ ದೆಹಲಿಯ ತಿಹಾರ್ ಜೈಲಿನಲ್ಲಿ ಸತ್ಯನಾರಾಯಣ ಗೋಯೆಂಕಾ ನಡೆಸಿದ ವಿಪಶ್ಯನ ಎಂಬ ಬೌದ್ಧ ಧ್ಯಾನದ ಶಿಬಿರದಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳು ಹತ್ತು ದಿನ ಮೌನವಾಗಿ ಕೂತರು. ಮೊದಲ ಮೂರು ದಿನ ಉಸಿರಿನ ಮೇಲೆ ಗಮನ. ನಾಲ್ಕನೆಯ ದಿನದಿಂದ ತಲೆಯಿಂದ ಪಾದದವರೆಗೆ ಮೈಯಲ್ಲಿ ಏಳುವ ಉರಿ, ನೋವು, ತುರಿಕೆಗಳನ್ನು ನೋಡುತ್ತ, ಯಾವುದಕ್ಕೂ ಪ್ರತಿಕ್ರಿಯಿಸದೆ ಇರುವ ಅಭ್ಯಾಸ. ಈ ಪರಂಪರೆಯ ಬಗ್ಗೆ ನನಗೆ ಗೌರವವಿದೆ. ಬರ್ಮಾದ ಊ ಬಾ ಖಿನ್ ಅವರಿಂದ ಕಲಿತು 1969ರಲ್ಲಿ ಭಾರತಕ್ಕೆ ಬಂದ ಗೋಯೆಂಕಾ ಕಲಿಸುವುದಕ್ಕೆ ಶುಲ್ಕ ಪಡೆಯಲಿಲ್ಲ, ಜಾತಿ ಕೇಳಲಿಲ್ಲ. ಒಂದೇ ಸಾಲಿನಲ್ಲಿ ಕೂತು ಉಣ್ಣುವುದು ನಮ್ಮ ದೇಶದಲ್ಲಿ ಸಣ್ಣ ಸಂಗತಿಯಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಆ ಕಾಲದ ತಿಹಾರ್‌ನಲ್ಲಿದ್ದವರಲ್ಲಿ ಬಹುಪಾಲು ಜನ ವಿಚಾರಣಾಧೀನರು. ತೀರ್ಪೇ ಬರದೆ ವರ್ಷಗಟ್ಟಲೆ ಕಾಯುತ್ತಿರುವವನಿಗೆ ಸಮಚಿತ್ತ ಕಲಿಸಿದರೆ ಅವನ ಸಂಕಟ ಇಳಿಯಬಹುದು. ಅವನ ಕಡತ ಮಾತ್ರ ಇದ್ದಲ್ಲೇ ಇರುತ್ತದೆ.

ಧ್ಯಾನಕ್ಕೂ ಕೋರ್ಟಿನ ವಿಳಂಬಕ್ಕೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಕಲ್ಪಿಸಿದ್ದು ಬೌದ್ಧ ಪರಂಪರೆಯೇ. ಬುದ್ಧನ ಉಪದೇಶಗಳ ಪಾಲಿ ಸಂಗ್ರಹವಾದ ದೀಘನಿಕಾಯದ ಚಕ್ಕವತ್ತಿ ಸೀಹನಾದ ಸುತ್ತದಲ್ಲಿ ರಾಜನೊಬ್ಬ ಬಡವರಿಗೆ ಧನ ಹಂಚುವುದನ್ನು ಬಿಡುತ್ತಾನೆ. ಬಡತನ ಬೆಳೆಯುತ್ತದೆ, ಅದರಿಂದ ಕಳ್ಳತನ. ಶಿಕ್ಷೆ ಕಠಿಣವಾಗುತ್ತಿದ್ದಂತೆ ಆಯುಧ, ಕೊಲೆ, ಸುಳ್ಳು ಒಂದರ ಹಿಂದೊಂದು ಬರುತ್ತವೆ. ಕೂಟದಂತ ಸುತ್ತದ ಪುರೋಹಿತ ರಾಜನಿಗೆ ಇನ್ನೂ ನೇರವಾಗಿ ಹೇಳುತ್ತಾನೆ: ದರೋಡೆ ನಿಲ್ಲಬೇಕಾದರೆ ರೈತನಿಗೆ ಬೀಜ, ವ್ಯಾಪಾರಿಗೆ ಬಂಡವಾಳ, ನೌಕರನಿಗೆ ಸಂಬಳ ಕೊಡು. ಅಪರಾಧದ ಮೂಲವನ್ನು ಅಪರಾಧಿಯ ಮನಸ್ಸಿನಲ್ಲಿ ಮಾತ್ರ ಹುಡುಕಬಾರದೆಂಬ ತಿಳಿವಳಿಕೆ ಇದು. ಸತಿಪಟ್ಠಾನ ಸುತ್ತ ಕೂಡ ಒಳಗನ್ನಷ್ಟೇ ಅಲ್ಲ, ಹೊರಗನ್ನೂ ಗಮನಿಸಲು ಹೇಳುತ್ತದೆ. ಆ ಹೊರಗಣ್ಣಿಗೆ ನೆರೆಯವನ ಹಸಿವು ಕಾಣಬಾರದೆಂದು ಯಾರೂ ವಿಧಿಸಿಲ್ಲ. ಇಂದಿನ ಶಿಬಿರಗಳು ಒಳಗನ್ನು ಎತ್ತಿಕೊಂಡು ಹೊರಗನ್ನು ಕೈಬಿಟ್ಟಿವೆ ಎನ್ನುವುದೇ ನನ್ನ ಆಕ್ಷೇಪ.

ಅಂಬೇಡ್ಕರ್ ಹಿಡಿದದ್ದು ಈ ಕೈಬಿಟ್ಟ ಎಳೆಯನ್ನು. 'ಬುದ್ಧ ಮತ್ತು ಅವನ ಧಮ್ಮ' ಕೃತಿಯಲ್ಲಿ ಸಿದ್ಧಾರ್ಥ ಮನೆ ಬಿಡುವುದು ಮುದುಕ, ರೋಗಿ, ಹೆಣಗಳನ್ನು ಕಂಡಲ್ಲ. ರೋಹಿಣಿ ನದಿಯ ನೀರಿಗಾಗಿ ಶಾಕ್ಯರು ಕೋಲಿಯರ ಮೇಲೆ ಯುದ್ಧ ಸಾರಲು ಹೊರಟಾಗ ಶಾಕ್ಯ ಸಂಘದ ಸಭೆಯಲ್ಲಿ ಅದನ್ನು ವಿರೋಧಿಸಿ, ಅದರ ಫಲವಾಗಿ ಪರಿವ್ರಾಜಕನಾಗುತ್ತಾನೆ. ದುಃಖವನ್ನು ಹಿಂದಿನ ಜನ್ಮದ ಲೆಕ್ಕಕ್ಕೆ ಬರೆದರೆ ಅಸ್ಪೃಶ್ಯನ ಅವಮಾನಕ್ಕೆ ಸಮಾಜ ಹೊಣೆಯಾಗುವುದೇ ಇಲ್ಲ ಎಂಬುದು ಅವರಿಗೆ ಸ್ಪಷ್ಟವಿತ್ತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನ ಅವರೊಂದಿಗೆ ಧಮ್ಮ ಸ್ವೀಕರಿಸಿದ್ದು ನೆಮ್ಮದಿಗಾಗಿ ಅಲ್ಲ, ಮನುಷ್ಯರಾಗಿ ನಿಲ್ಲುವುದಕ್ಕೆ. ಹಾಗೆಂದು ಅವರು ಸಮ್ಯಕ್ ಸ್ಮೃತಿಯನ್ನು, ಅಂದರೆ ಎಚ್ಚರದ ಗಮನವನ್ನು, ತಳ್ಳಿಹಾಕಲಿಲ್ಲ. ಅಷ್ಟಾಂಗ ಮಾರ್ಗದಲ್ಲಿ ಅದರ ಸ್ಥಾನ ಅವರಲ್ಲೂ ಭದ್ರವಾಗಿದೆ, ಉಳಿದ ಏಳರ ಜೊತೆಗೆ.

ಮನಸ್ಸು ಶುದ್ಧವಾದರೆ ಸಮಾಜ ತಾನಾಗಿ ಸರಿಹೋಗುತ್ತದೆ ಎಂಬ ವಾದವಿದೆ. ಬರ್ಮಾದ ಅನುಭವ ಇದನ್ನು ಒಪ್ಪುವುದಿಲ್ಲ. ವಿಪಶ್ಯನ ಜನಸಾಮಾನ್ಯರವರೆಗೆ ಹಬ್ಬಿದ ನಾಡು ಅದು. 2007ರಲ್ಲಿ ಭಿಕ್ಷುಗಳು ಸೇನಾಡಳಿತದ ವಿರುದ್ಧ ಬೀದಿಗಿಳಿದದ್ದೂ, ನಂತರದ ವರ್ಷಗಳಲ್ಲಿ ಕೆಲವು ಭಿಕ್ಷುಗಳು ರೋಹಿಂಗ್ಯಾ ಮುಸ್ಲಿಮರ ವಿರುದ್ಧ ದ್ವೇಷ ಬೋಧಿಸಿದ್ದೂ ಅಲ್ಲೇ. ದಿಕ್ಕನ್ನು ನಿರ್ಧರಿಸುವುದು ಧ್ಯಾನದ ಜೊತೆಗಿರುವ ನೀತಿ ಮತ್ತು ಸಂಘ. ಇನ್ನೊಂದು ವಾದ ಹೆಚ್ಚು ಗಟ್ಟಿಯಾದದ್ದು: ಹೋರಾಟಗಾರನಿಗೂ ಸಿಟ್ಟಿನಲ್ಲಿ ಸುಟ್ಟುಹೋಗದಿರಲು ಧ್ಯಾನ ಬೇಕು. ಇದನ್ನು ಪೂರ್ತಿ ಒಪ್ಪುತ್ತೇನೆ. ವಿಯೆಟ್ನಾಮಿನ ಥಿಕ್ ನ್ಹಾತ್ ಹಾನ್ ಅವರ 'ಮಿರಾಕಲ್ ಆಫ್ ಮೈಂಡ್‌ಫುಲ್‌ನೆಸ್' ಮೊದಲಿಗೆ ಯುದ್ಧದ ನಡುವೆ ಹಳ್ಳಿಗಳಲ್ಲಿ ದುಡಿಯುತ್ತಿದ್ದ ಸಮಾಜಸೇವಾ ಶಾಲೆಯ ಕಾರ್ಯಕರ್ತರೊಬ್ಬರಿಗೆ ಬರೆದ ದೀರ್ಘ ಪತ್ರ. ಇಂದು ಕಂಪನಿಗಳಲ್ಲಿ ಒತ್ತಡ ನಿವಾರಣೆಗೆ ಕಲಿಸುವ ಉಸಿರಿನ ಅಭ್ಯಾಸ ಅಲ್ಲಿ ಕೆಲಸ ಮುಂದುವರಿಸುವ ತ್ರಾಣವಾಗಿತ್ತು.

ಮತ್ತೆ ಜೈಲಿನ ಶಿಬಿರಕ್ಕೆ ಬರೋಣ. ರಾಜಕೀಯಕ್ಕೆ ಇಳಿದರೆ ಜೈಲಿನ ಬಾಗಿಲು ನಮಗೆ ಮುಚ್ಚುತ್ತದೆ ಎಂಬ ಶಿಬಿರದವರ ಅಂಜಿಕೆ ನಿಜವೇ. ಆದರೆ ಉಚಿತ ಕಾನೂನು ನೆರವು ರಾಜಕೀಯವಲ್ಲ. ಸಂವಿಧಾನದ 39ಎ ವಿಧಿ ಅದನ್ನು ಸರ್ಕಾರದ ಹೊಣೆಯಾಗಿಸಿದೆ. ಈಗಲೂ ದೇಶದ ಕೈದಿಗಳಲ್ಲಿ ಸುಮಾರು ಮುಕ್ಕಾಲು ಪಾಲು ವಿಚಾರಣಾಧೀನರು. ಜೈಲಿನಲ್ಲಿ ಶಿಬಿರ ನಡೆಸುವವರು ಹತ್ತನೆಯ ದಿನ ಎಲ್ಲರ ಒಳಿತನ್ನು ಹಾರೈಸುವ ಮೈತ್ರಿ ಧ್ಯಾನ ಮುಗಿದ ಮೇಲೆ ಹನ್ನೊಂದನೆಯ ದಿನ ಒಬ್ಬ ವಕೀಲರನ್ನು ಒಳಗೆ ಕರೆತರಲಿ.