ಬೀದಿಯ ಘಮ, ಮನೆಯ ವಾಸನೆ

ಬೆಂಗಳೂರಿನ ಮುಸ್ಲಿಮರ ಊಟದ ಬಗ್ಗೆ ಬರುವ ಬರಹಗಳಿಗೆ ಒಂದು ಸಿದ್ಧಮಾದರಿ ಇದೆ. ರಂಜಾನ್ ತಿಂಗಳು, ಫ್ರೇಜರ್ ಟೌನಿನ ಮಸೀದಿ ರಸ್ತೆ ಇಲ್ಲವೇ ಶಿವಾಜಿನಗರದ ಗಲ್ಲಿ, ಸಂಜೆಗತ್ತಲು, ಕೆಂಡದ ಮೇಲಿನ ಕಬಾಬು, ಹಬೆಯಾಡುವ ಬಿರಿಯಾನಿ. ಟಿ.ವಿ. ಕ್ಯಾಮೆರಾ ಕೂಡ ಅಲ್ಲೇ ನಿಲ್ಲುತ್ತದೆ. ಈ ಮೆಚ್ಚುಗೆಯ ಹಿಂದೆ ಕೆಟ್ಟ ಉದ್ದೇಶವೇನೂ ಇಲ್ಲ. ಆದರೆ ಉಳಿದ ಹನ್ನೊಂದು ತಿಂಗಳು ಈ ಜನ ಮನೆಯಲ್ಲಿ ಏನು ಉಣ್ಣುತ್ತಾರೆ, ಅದನ್ನು ಬೇಯಿಸುವವರು ಯಾರು ಎಂಬ ಪ್ರಶ್ನೆಯನ್ನು ಈ ಬರಹಗಳು ಕೇಳುವುದಿಲ್ಲ.

ನಾವು ದಾಲ್ಚಾವನ್ನೇ ತೆಗೆದುಕೊಳ್ಳೋಣ. ಬೇಳೆ, ಸೋರೆಕಾಯಿ, ಹುಣಸೆಹುಳಿ. ಇದ್ದರೆ ನಾಲ್ಕು ತುಂಡು ಎಲುಬಿನ ಮಾಂಸ, ಇಲ್ಲದಿದ್ದರೂ ನಡೆಯುತ್ತದೆ. ಕಾದ ಎಣ್ಣೆಗೆ ಮೊದಲು ಬೀಳುವುದು ಚಕ್ಕೆ, ಲವಂಗ, ಏಲಕ್ಕಿ. ಇವುಗಳ ಪರಿಮಳ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಬಿಟ್ಟುಕೊಳ್ಳುತ್ತದೆ. ಈರುಳ್ಳಿ, ಶುಂಠಿ, ಬೆಳ್ಳುಳ್ಳಿಯ ಸರದಿ ಆಮೇಲೆ. ಜೊತೆಗೆ ಕುಷ್ಕಾ, ಅಂದರೆ ಮಾಂಸವಿಲ್ಲದ ಮಸಾಲೆ ಅನ್ನ. ಕಾಲು ಕಿಲೋ ಮಾಂಸವನ್ನು ಮನೆಮಂದಿಗೆಲ್ಲ ಸಾಲುವಂತೆ ಮಾಡುವ, ಬರಿಯ ಅನ್ನಕ್ಕೆ ಹಬ್ಬದ ಕಳೆ ತರುವ ಹೆಂಗಸರ ಜಾಣ್ಮೆ ಇದು. ಹೋಟೆಲಿನಲ್ಲಿ ಮಸಾಲೆ ಎಂದರೆ ಶ್ರೀಮಂತಿಕೆ. ಬಡ ಮನೆಯಲ್ಲಿ ಅದು ಮಿತವ್ಯಯದ ಉಪಾಯ.

ಸಮುದಾಯದೊಳಗಿನ ಮಾತೂ ಇದಕ್ಕಿಂತ ಹೆಚ್ಚು ಬೇರೆಯಾಗಿಲ್ಲ. ಕೀರ್ತಿಯೆಲ್ಲ ಮದುವೆಮನೆಯಲ್ಲಿ ದೇಗ್ ಬೇಯಿಸುವ ಬಾಣಸಿಗನಿಗೆ. ಮನೆಯಾಕೆಗೆ ‘ಕೈರುಚಿ’ ಎಂಬ ಹೊಗಳಿಕೆ. ಕೈರುಚಿ ಎಂದುಬಿಟ್ಟರೆ ಅದು ಹುಟ್ಟಿನಿಂದ ಬಂದದ್ದು ಎಂದಾಗುತ್ತದೆ. ತಾಯಿಯಿಂದ, ಅತ್ತೆಯಿಂದ ಕಲಿತ ಅಳತೆ, ಉರಿಯ ಹದ, ಕಾಯುವ ತಾಳ್ಮೆ ಲೆಕ್ಕಕ್ಕೆ ಬರುವುದಿಲ್ಲ. 16ನೆಯ ಶತಮಾನದ ಆರಂಭದಲ್ಲೇ ಮಂಗರಸನಿಂದ ‘ಸೂಪಶಾಸ್ತ್ರ’ ಬರೆಸಿಕೊಂಡ ಭಾಷೆ ನಮ್ಮದು. ಅಡುಗೆಯನ್ನು ವಿದ್ಯೆಯೆಂದು ಕಾಣುವುದು ಕನ್ನಡಕ್ಕೆ ಹೊಸದಲ್ಲ.

ಮಸಾಲೆಗೆ ಧರ್ಮದ ಚೀಟಿ ಅಂಟಿಸುವವರೂ ಇದ್ದಾರೆ. 1809ರಲ್ಲಿ ಬ್ರಿಟಿಷರ ದಂಡು ಇಲ್ಲಿ ಬೀಡುಬಿಟ್ಟ ಮೇಲೆ ತಮಿಳು, ದಖನಿ, ತೆಲುಗು ಆಡುವ ಕುಟುಂಬಗಳು ಅಕ್ಕಪಕ್ಕದ ಬೀದಿಗಳಲ್ಲಿ ನೆಲೆಸಿದವು. 1933ರಲ್ಲಿ ಉದ್ಘಾಟನೆಯಾದ ರಸೆಲ್ ಮಾರುಕಟ್ಟೆ, ಅದರ ಸುತ್ತಿನ ಅಂಗಡಿಗಳು ಎಲ್ಲರಿಗೂ ಒಂದೇ. ಹಲಸೂರಿನ ತಮಿಳರ ಕುಳಂಬಿನಲ್ಲಿ ಸೋಂಪು ಮುಂದಾಗಬಹುದು, ಬಿಸಿಬೇಳೆ ಬಾತಿನಲ್ಲಿ ಮರಾಠಿ ಮೊಗ್ಗು ಸೇರಬಹುದು. ಆದರೆ ಬೇಳೆ, ತರಕಾರಿ, ಹುಣಸೆ, ಚಕ್ಕೆ, ಲವಂಗ ಎಂದು ಪಟ್ಟಿ ಮಾಡುತ್ತ ಹೋದರೆ ಬಿಸಿಬೇಳೆ ಬಾತಿಗೂ ದಾಲ್ಚಾಗೂ ಇರುವ ನಂಟು ದೂರದ್ದೆಂದು ಅನಿಸುವುದಿಲ್ಲ. ಏಲಕ್ಕಿ ನಮ್ಮ ಮಲೆನಾಡು, ಕೊಡಗಿನದು. ಲವಂಗದ ತವರು ಇಂಡೋನೇಷ್ಯಾದ ಮಲುಕು ದ್ವೀಪಗಳು. ಅದು ಎಲ್ಲರ ಮನೆಗೂ ಕಡಲು ದಾಟಿಯೇ ಬಂದದ್ದು.

ಆದರೂ ಇಂದಿರಾನಗರದಲ್ಲೋ ಕೆ.ಆರ್. ಪುರದಲ್ಲೋ ಬಾಡಿಗೆ ಮನೆ ಹುಡುಕುವ ಮುಸ್ಲಿಂ ಕುಟುಂಬಕ್ಕೆ ‘ಅಡುಗೆಯ ವಾಸನೆ’ ಎಂಬ ನೆಪ ಎದುರಾಗುವುದುಂಟು. ಬೀದಿಯಲ್ಲಿ ಘಮ ಎನಿಸಿಕೊಂಡದ್ದು ಪಕ್ಕದ ಮನೆಯಿಂದ ಬಂದಾಗ ವಾಸನೆಯಾಗುತ್ತದೆ. ಕಬಾಬಿನ ಬೀದಿಯನ್ನಷ್ಟೇ ಕೊಂಡಾಡುವ ಬರಹ ಈ ಮನಸ್ಸನ್ನು ಅಲುಗಾಡಿಸಲಾರದು. ವರ್ಷಕ್ಕೊಮ್ಮೆ ಹೋಗಿ ತಿಂದು ಬರುವ ಜಾಗವನ್ನು ಅದು ತೋರಿಸುತ್ತದೆ, ನೆರೆಮನೆಯನ್ನು ತೋರಿಸುವುದಿಲ್ಲ. ಅಡುಗೆಮನೆಯಲ್ಲಿ ಕೂತು, ಆ ತಾಯಂದಿರ ಮಾತನ್ನು ಅವರದೇ ಅಳತೆ, ಕ್ರಮಗಳೊಂದಿಗೆ ಕೇಳಿ ಬರೆಯುವವರು ನಮಗೆ ಬೇಕಾಗಿದ್ದಾರೆ. ನೆರೆಯವರು ಏನು ಉಣ್ಣುತ್ತಾರೆಂದು ತಿಳಿದ ಮನೆಯವರಿಗೆ ಅವರ ಒಗ್ಗರಣೆಯ ಬಗ್ಗೆ ಮೂಗು ಮುರಿಯುವುದು ಅಷ್ಟು ಸುಲಭವಾಗದು.