ನೆಬ್ಬೂರರ ನಿಧಾನಕ್ಕೆ ಕತ್ತರಿ

ಅಡಿಕೆ ಕೊಯ್ಲು ಶುರುವಾದರೆ ಭೈರುಂಬೆ ಸೀಮೆಯ ಮನೆಗಳಲ್ಲಿ ರಾತ್ರಿ ಸುಲಿತ. ಮೆಟ್ಟುಗತ್ತಿಯ ಮುಂದೆ ಕೂತವರ ಕೈಗೆ ಪುರುಸೊತ್ತಿಲ್ಲ, ಕಿವಿ ಮಾತ್ರ ಖಾಲಿ. ಅದಕ್ಕೆ ಹಿಂದೆ ಟೇಪ್ ರೆಕಾರ್ಡರ್ ಇತ್ತು, ಈಗ ಕಂಬಕ್ಕೆ ಒರಗಿಸಿಟ್ಟ ಮೊಬೈಲ್ ಇದೆ. ಯಕ್ಷಗಾನದ ಪದ್ಯವೆಂದರೆ ಒಬ್ಬರಿಗೆ ಕಾಳಿಂಗ ನಾವಡರು ಬೇಕು, ಇನ್ನೊಬ್ಬರಿಗೆ ಧಾರೇಶ್ವರರು. ಎರಡು ಪದ್ಯ ಮುಗಿಯುವಷ್ಟರಲ್ಲಿ ಮೂಲೆಯಿಂದ ಹಿರಿಯರೊಬ್ಬರ ದನಿ ಬರುತ್ತದೆ: “ನೆಬ್ಬೂರ್ ಭಾಗವತ್ರದ್ದು ಒಂದು ಹಾಕಾ ತಮಾ.” ಹುಡುಗ ಹಾಕುತ್ತಾನೆ. ಅರ್ಧ ನಿಮಿಷ ಎಲ್ಲರೂ ಕೇಳುತ್ತಾರೆ, ಆಮೇಲೆ ಮಾತು ಅಡಿಕೆ ದರದ ಕಡೆ ಹೊರಳುತ್ತದೆ. ನಾವಡರ ಪದ್ಯ ನಡೆಯುವಾಗ ಹೀಗಾಗುವುದಿಲ್ಲ.

ಇದು ಕೇಳುವವರ ತಪ್ಪು ಎಂದುಬಿಡುವುದು ಸುಲಭ. ತಪ್ಪಿರುವುದು ನಾವು ನೆನೆಯುವ ಕ್ರಮದಲ್ಲಿ ಎಂಬುದು ನನ್ನ ವಾದ. ಭಾಗವತರನ್ನು ಬಿಡಿ ಪದ್ಯಗಳಾಗಿ ಕತ್ತರಿಸಿ, ‘ಇದು ನನ್ನ ಮೆಚ್ಚಿನದು, ನಿನ್ನದು ಯಾವುದು’ ಎಂದು ಹಂಚಿಕೊಳ್ಳುವ ರೂಢಿ ಕೆಲವರಿಗೆ ಒಗ್ಗುತ್ತದೆ. ನೆಬ್ಬೂರು ನಾರಾಯಣ ಭಾಗವತರಿಗೆ ಒಗ್ಗುವುದಿಲ್ಲ.

ಶಿರಸಿ ಸೀಮೆಯ ನೆಬ್ಬೂರರು ಬದುಕಿನ ಬಹುಭಾಗ ಹಾಡಿದ್ದು ಘಟ್ಟದ ಕೆಳಗಿನ ಮೇಳಕ್ಕೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಅದು. ಶಿವರಾಮ ಹೆಗಡೆ, ಮಹಾಬಲ ಹೆಗಡೆ, ಶಂಭು ಹೆಗಡೆ ಇವರೆಲ್ಲ ಬಡಾಬಡಗಿನ ಅಭಿನಯವನ್ನು ಎತ್ತಿ ನಿಲ್ಲಿಸಿದವರು. ಅಂಥ ರಂಗದಲ್ಲಿ ಭಾಗವತನ ಕೆಲಸವೇ ಬೇರೆ. 2019ರ ಮೇ ತಿಂಗಳಲ್ಲಿ ನೆಬ್ಬೂರರು ತೀರಿಕೊಂಡಾಗ ಬಂದ ನುಡಿನಮನಗಳಲ್ಲಿ ‘ಇಂಪಾದ ಕಂಠ’ ಎಂಬ ಮಾತು ಧಾರಾಳವಾಗಿತ್ತು. ಕಂಠ ಇಂಪಾಗಿದ್ದದ್ದು ನಿಜ. ಆದರೆ ಇಂಪು ಅವರ ಅಸಲು ಬಂಡವಾಳವಾಗಿರಲಿಲ್ಲ.

ಬಂಡವಾಳ ಯಾವುದೆಂದು ತಿಳಿಯಬೇಕಾದರೆ ಹರಿಶ್ಚಂದ್ರನ ಸ್ಮಶಾನದ ಸನ್ನಿವೇಶ ನೋಡಬೇಕು. ಮಗನ ಹೆಣ ಹೊತ್ತು ಬಂದವಳು ಹೆಂಡತಿ. ಕಾವಲಿಗೆ ನಿಂತವನು ಅವಳಿಂದ ಸುಂಕ ಕೇಳಲೇಬೇಕು. ಇಲ್ಲಿ ಭಾಗವತ ಏರುಪದ್ಯದ ಹುರುಪಿನಲ್ಲಿ ಹಾಡಿದರೆ ವೇಷಧಾರಿಗೆ ಕುಣಿಯುವುದಷ್ಟೇ ಉಳಿಯುತ್ತದೆ. ನೆಬ್ಬೂರರು ಸಾಲನ್ನು ಒಮ್ಮೆ ಪೂರ್ತಿ ಹೇಳಿ, ಸಾಹಿತ್ಯದ ಒಂದಕ್ಷರವೂ ನುಂಗಿಹೋಗದಂತೆ ಬಿಡಿಸಿಟ್ಟು, ನಿಲ್ಲಿಸುತ್ತಿದ್ದರು. ಮದ್ದಲೆ ಅಂಗೈಯ ಮೆಲುಪೆಟ್ಟಿನಲ್ಲಿ ಕಾಲ ಹಿಡಿದಿರುತ್ತಿತ್ತು, ಚೆಂಡೆಗೆ ಕೆಲಸವಿಲ್ಲ. ಹರಿಶ್ಚಂದ್ರನಾದ ಶಂಭು ಹೆಗಡೆಯವರು ಕತ್ತು ತಿರುಗಿಸಿ ಅವಳತ್ತ ನೋಡುವಷ್ಟು ಹೊತ್ತು ಭಾಗವತರು ಕಾಯುತ್ತಿದ್ದರು. ಆಮೇಲೆ ಅದೇ ಸಾಲು ಇನ್ನೊಮ್ಮೆ. ಈ ಸಲ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಮೊದಲ ಸಲ ಸಾಲು ಕೇಳಿದವರಿಗೆ ಎರಡನೆಯ ಸಲ ಅದು ಕಣ್ಣಿಗೆ ಕಾಣುತ್ತಿತ್ತು, ಏಕೆಂದರೆ ನಡುವೆ ನಟ ಅದನ್ನು ಮೈಮೇಲೆ ತೆಗೆದುಕೊಂಡಿರುತ್ತಿದ್ದ.

ಈ ಕಾಯುವಿಕೆಯೇ ನೆಬ್ಬೂರರ ಭಾಗವತಿಕೆ. ಭಾಗವತನನ್ನು ಒಂದನೆಯ ವೇಷ ಎನ್ನುವ ರೂಢಿ ನಮ್ಮಲ್ಲಿದೆ. ಆಟ ಅವನ ಕೈಯಲ್ಲಿ ಎಂದು ಅರ್ಥ. ಆ ಅಧಿಕಾರವನ್ನು ಅವರು ಬಳಸಿದ್ದು ಜಾಗ ಬಿಟ್ಟುಕೊಡುವುದಕ್ಕೆ. ಈಗ ಇದರ ಧ್ವನಿಯನ್ನಷ್ಟೇ ತೆಗೆದು ಎರಡು ನಿಮಿಷದ ತುಣುಕು ಮಾಡಿ. ನಟ ತುಂಬಿದ ಜಾಗವೆಲ್ಲ ಬರಿದಾಗುತ್ತದೆ. ಗೊತ್ತಿಲ್ಲದವರಿಗೆ ಅದು ಎಳೆದೆಳೆದು ಹಾಡಿದಂತೆ ಕೇಳುತ್ತದೆ, ಗೊತ್ತಿದ್ದವರು ಹಳೆಯ ಮಮತೆಯಿಂದ ತಲೆದೂಗುತ್ತಾರೆ. ತುಣುಕು ಮಾಡುವವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನಡುವಿನ ಮೌನವನ್ನೇ ಕತ್ತರಿಸಿರುತ್ತಾರೆ. ‘ಬೋರಾಗಬಾರದಲ್ಲ’ ಎಂಬುದು ಅವರ ಸಮಜಾಯಿಷಿ.

ನಾವಡರ ಮಾತು ಬೇರೆ. 1958ರಲ್ಲಿ ಹುಟ್ಟಿ 1990ರಲ್ಲಿ ರಸ್ತೆ ಅಪಘಾತದಲ್ಲಿ ಹೋದ ಅವರು ಕ್ಯಾಸೆಟ್ ಕಾಲದ ತಾರೆ. ಸಾಲಿಗ್ರಾಮ ಮೇಳದ ರಂಗದಿಂದ ಬಂದ ಆ ದನಿ ಎತ್ತುಗಡೆಯಲ್ಲೇ ಹಿಡಿದುಬಿಡುತ್ತದೆ. ವೇಷ ಕಾಣದಿದ್ದರೂ ಪದ್ಯ ತನ್ನ ಕಾಲಮೇಲೆ ನಿಲ್ಲುತ್ತದೆ. 2024ರ ಏಪ್ರಿಲ್‌ನಲ್ಲಿ ತೀರಿಕೊಂಡ ಸುಬ್ರಹ್ಮಣ್ಯ ಧಾರೇಶ್ವರರದೂ ಹೆಚ್ಚುಕಡಿಮೆ ಹಾಗೆಯೇ. ಪೆರ್ಡೂರು ಮೇಳದ ಹೊಸ ಪ್ರಸಂಗಗಳಿಗೆ ಅವರು ಕೂಡಿಸಿದ ರಾಗಗಳನ್ನು ಬಿಡಿಯಾಗಿ ಕೇಳಿದರೂ ಸುಖವಿದೆ. ಅವರಿಬ್ಬರ ಅಭಿಮಾನಿಗಳು ಪದ್ಯ ಹಂಚಿಕೊಂಡು ನೆನೆದರೆ ಅಲ್ಲಿ ಹೆಚ್ಚೇನೂ ಕಳೆದುಹೋಗುವುದಿಲ್ಲ.

ನಿಧಾನವನ್ನೇ ನೆಚ್ಚಿದವರ ಪಾಡು ಹೊರಗಿನ ಲೋಕದಲ್ಲೂ ಇಂಥದ್ದೇ. ಅಮೆರಿಕದ ಡುಲುತ್ ಎಂಬ ಊರಿನಲ್ಲಿ 1993ರಲ್ಲಿ ಶುರುವಾದ ‘ಲೋ’ ಎಂಬ ತಂಡದ ಹಾಡಿಕೆಗೆ ವಿಮರ್ಶಕರು ‘ಸ್ಲೋಕೋರ್’ ಎಂದು ಹೆಸರಿಟ್ಟರು. ಅದರ ಗಾಯಕಿ ಮಿಮಿ ಪಾರ್ಕರ್ ಒಂದೆರಡು ವಾದ್ಯಗಳನ್ನಷ್ಟೇ ಮುಂದಿಟ್ಟುಕೊಂಡು, ನಿಂತೇ ನುಡಿಸುತ್ತಿದ್ದರು. ಸಭೆಯಲ್ಲಿ ಗದ್ದಲವೆದ್ದರೆ ತಂಡದವರು ಧ್ವನಿ ಹೆಚ್ಚಿಸುವ ಬದಲು ತಗ್ಗಿಸುತ್ತಿದ್ದರಂತೆ. 2022ರ ನವೆಂಬರ್‌ನಲ್ಲಿ ಮಿಮಿ ತೀರಿಕೊಂಡಾಗ ಅಭಿಮಾನಿಗಳು ಮೆಚ್ಚಿನ ಹಾಡುಗಳನ್ನು ನೆನೆದು ಹಂಚಿಕೊಂಡರು. ಅವರಿಗೆ ಒಂದು ಅನುಕೂಲವಿತ್ತು: ಲೋ ತಂಡದ ಹಾಡು ಹಾಡಾಗಿಯೇ ಹುಟ್ಟಿದ್ದು, ಧ್ವನಿಮುದ್ರಿಕೆಯೇ ಅದರ ಮನೆ. ನೆಬ್ಬೂರರ ಪದ್ಯ ಹುಟ್ಟಿದ್ದು ರಂಗಸ್ಥಳದಲ್ಲಿ, ಇನ್ನೊಬ್ಬನ ಕಣ್ಣು, ಕೈ, ಅರ್ಥಗಾರಿಕೆಗಾಗಿ.

ಹೀಗಿರುವಾಗ ನಾವು ಮಾಡುವುದೇನು? ಭಾಗವತರ ಸಂಸ್ಮರಣೆ ಎಂದರೆ ಗಾನವೈಭವ ಎಂದೇ ಆಗಿಬಿಟ್ಟಿದೆ. ದೇವಸ್ಥಾನದ ಸಭಾಭವನದಲ್ಲಿ ಒಂದು ವೇದಿಕೆ, ಇಬ್ಬರು ಭಾಗವತರು, ಮದ್ದಲೆ, ಚೆಂಡೆ. ಮೊದಲು ಸ್ವಾಗತ, ಶಾಲು, ಭಾಷಣ, ಆಮೇಲೆ ದ್ವಂದ್ವ. ಒಬ್ಬರು ಒಂದು ಸಾಲು ಹಾಡಿದರೆ ಇನ್ನೊಬ್ಬರು ಅದನ್ನೇ ಒಂದು ಸುತ್ತು ಹೆಚ್ಚು ಹಾಡಬೇಕು. ಸಭೆ ಚಪ್ಪಾಳೆ ತಟ್ಟಬೇಕು. ಶೋಕದ ಪದ್ಯವೂ ಬಿಡ್ತಿಗೆಯ ಹೊತ್ತಿಗೆ ಚೆಂಡೆಯ ಕೈಗೆ ಸಿಕ್ಕಿ ಹಾರತೊಡಗುತ್ತದೆ. ಹಾಡುವವರು ಪ್ರತಿಭಾವಂತರೇ, ಅವರಲ್ಲಿ ಕೆಲವರ ಕಂಠಕ್ಕೆ ನಾನೂ ಮಾರುಹೋದವನು. ಆದರೆ ಯಾರ ಹೆಸರಿನಲ್ಲಿ ಸೇರಿದ್ದೇವೋ ಆ ಹಾಡುಗಾರಿಕೆಗೆ ಪೂರ್ತಿ ತಿರುಗುಮುರುಗಾದದ್ದು ಅಲ್ಲಿ ನಡೆಯುತ್ತಿರುತ್ತದೆ. ಕಾಯಲು ಎದುರಿಗೆ ನಟನೇ ಇಲ್ಲದಿದ್ದಾಗ ಭಾಗವತ ಕಾಯುವುದು ಯಾರಿಗಾಗಿ? ಪಕ್ಕದವನನ್ನು ಮೀರಿಸುವುದೊಂದೇ ಉಳಿದ ದಾರಿ.

ಹಾಗೆಂದು ಈ ರೂಢಿಯನ್ನು ಸಾರಾಸಗಟಾಗಿ ತಳ್ಳಿಹಾಕುವಂತೆಯೂ ಇಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮ ಹುಡುಗರು ನೆಬ್ಬೂರರ ಹೆಸರು ಕೇಳಿರುವುದು ಈ ತುಣುಕುಗಳಿಂದಲೇ. ರಾತ್ರಿಯಿಡೀ ಆಟ ನೋಡಲು ಮನೆಗೆಲಸ ಬಿಡದ ಹೆಂಗಸರು ಪದ್ಯಗಳನ್ನು ಕಂಠಪಾಠವೆಂಬಷ್ಟು ಬಲ್ಲವರಾದದ್ದು ಕ್ಯಾಸೆಟ್ಟಿನಿಂದ. ಅಡುಗೆಮನೆಯಲ್ಲಿ ದೋಸೆ ಹೊಯ್ಯುತ್ತಲೇ ‘ಈ ಪದ್ಯಕ್ಕೆ ಭಾಗವತ್ರು ಬೇರೆ ರಾಗ ಹಾಕ್ತಿದ್ರು’ ಎಂದು ತಿದ್ದುವ ಅತ್ತಿಗೆಯಂದಿರನ್ನು ನಾನು ಬಲ್ಲೆ. ವೇದಿಕೆಯ ಭಾಷಣಕ್ಕಿಂತ ಆ ಒಂದು ಮಾತಿನಲ್ಲಿ ವಿಮರ್ಶೆ ಹೆಚ್ಚಿರುತ್ತದೆ. ತುಣುಕು ಬಾಗಿಲಾಗುವುದಾದರೆ ಇರಲಿ. ಜನ ಬಾಗಿಲಲ್ಲೇ ನಿಂತು ಮನೆ ನೋಡಿದೆವೆಂದು ಹೇಳುತ್ತಿರುವುದಕ್ಕಷ್ಟೇ ನನ್ನ ತಕರಾರು.

ಪರಿಹಾರ ದೂರವೇನಿಲ್ಲ. ಮಳೆಗಾಲದಲ್ಲಿ ಜಗಲಿಯ ಮೇಲೆ ತಾಳಮದ್ದಲೆ ನಡೆಸಿದ ಊರುಗಳು ನಮ್ಮವು. ಅಲ್ಲಿ ವೇಷ, ಕುಣಿತ ಇಲ್ಲದಿದ್ದರೂ ಪದ್ಯಕ್ಕೆ ಉತ್ತರ ಕೊಡುವ ಅರ್ಥಧಾರಿ ಇದ್ದಾನೆ, ಭಾಗವತನಿಗೆ ಎದುರೊಂದು ಮುಖವಿದೆ. ಗಾನವೈಭವಕ್ಕೆ ಕರೆಸುವ ಎರಡನೆಯ ಭಾಗವತರ ಸಂಭಾವನೆಯಲ್ಲಿ ಒಬ್ಬ ಒಳ್ಳೆಯ ವೇಷಧಾರಿಯನ್ನು ಕರೆಸಿ, ಹದಿನೈದು ಪದ್ಯಗಳ ಜಾಗದಲ್ಲಿ ಕರ್ಣನದೋ ಹರಿಶ್ಚಂದ್ರನದೋ ಒಂದೇ ಸನ್ನಿವೇಶವನ್ನು ಒಂದು ತಾಸು ಆಡಿಸಿದರೆ ನೆಬ್ಬೂರರ ನಿಧಾನ ಏನು ಮಾಡುತ್ತಿತ್ತೆಂದು ಹೊಸಬರಿಗೂ ಗೊತ್ತಾದೀತು. ಸಂಘಟಕರೊಬ್ಬರಿಗೆ ಇದನ್ನು ಹೇಳಿದಾಗ ‘ಜನ ಕೂರ್ತ್ವಿಲ್ಲೆ’ ಎಂದರು. ಕೂರದೆ ಇರಬಹುದು. ಶಾಲು, ಭಾಷಣಕ್ಕೆ ಒಂದೂವರೆ ತಾಸು ಕೂತ ಜನ ಅವರೇ.

ನನ್ನ ಮೆಚ್ಚಿನ ನೆಬ್ಬೂರು ಪದ್ಯ ಯಾವುದೆಂದು ಈಗಲೂ ಯಾರಾದರೂ ಕೇಳುತ್ತಾರೆ. ಪದ್ಯದ ಹೆಸರು ಹೇಳುವುದಿಲ್ಲ. ಶಂಭು ಹೆಗಡೆಯವರ ಹರಿಶ್ಚಂದ್ರ ಎನ್ನುತ್ತೇನೆ. ‘ಅದು ವೇಷ ಆತಲಾ, ಪದ್ಯ ಯಾವ್ದು?’ ಎಂದು ಅವರು ಮತ್ತೆ ಕೇಳುತ್ತಾರೆ.